ಕ್ಯಾಸೆಟ್ಟಿನೊಳಗಿನ ರುಮಾಲು

ಈಗಿನವರು ಕ್ಯಾಮರಾದಿಂದ ಉಗುರಿನಷ್ಟು ಚಿಪ್ ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿ, ಚಹಾ ಬರುವಷ್ಟರಲ್ಲಿ ಇಡೀ ಮದುವೆಯನ್ನು ಇಳಿಸಿಕೊಂಡು ಬಿಡುತ್ತಾರೆ. ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಕಾಲದಲ್ಲಿ ಕ್ಯಾಸೆಟ್ಟು ಎಷ್ಟು ಹೊತ್ತು ಓಡುತ್ತದೋ ಅಷ್ಟೇ ಹೊತ್ತು ಅದು ಕಂಪ್ಯೂಟರಿಗೆ ಇಳಿಯಲು ಬೇಕಿತ್ತು. ಪುರೋಹಿತರು ಮಂತ್ರ ಮರೆತು ತಲೆ ಕೆರೆದುಕೊಂಡಿದ್ದರೆ, ನಾವೂ ಅಷ್ಟು ಹೊತ್ತು ಅವರ ತಲೆ ನೋಡುತ್ತ ಕೂರಬೇಕು. ಅದೂ ಕಂಪ್ಯೂಟರು ಕ್ಯಾಮರಾವನ್ನು ಗುರುತಿಸಿದ ಮೇಲಿನ ಮಾತು. ಗುರುತಿಸದೆ ಅದು ನನ್ನನ್ನು ಆಡಿಸಿದ ದಿನಗಳನ್ನೆಲ್ಲ ಕೂಡಿಸಿದರೆ ನನ್ನ ವಯಸ್ಸಿನಲ್ಲಿ ಒಂದೆರಡು ವರ್ಷ ಕಳೆಯಬೇಕಾಗುತ್ತದೆ.

ನಾನು ಶರಣಪ್ಪ. ನಾರಾಯಣಖೇಡದ ಬಸ್ ಸ್ಟ್ಯಾಂಡಿನ ಎದುರಿನ ಸ್ಟುಡಿಯೋದಲ್ಲಿ ಮೂವತ್ತು ವರ್ಷದ ಹತ್ತಿರ ಮದುವೆಗಳ ವಿಡಿಯೋ ತೆಗೆದೆ. ಈಗ ಕಣ್ಣು ಮಂಜಾಗಿದೆ, ಕೆಲಸ ಬಿಟ್ಟು ತಾಂಡೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಅಳಿಯನ ತಂಗಿ ರೇಣುಕಾ ಈಚೆಗೆ ಕ್ಯಾಮರಾ ಕೊಂಡಿದ್ದಾಳೆ. "ಕಾಕಾ, ನಿಮ್ಮ ಅನುಭವಾ ಬರದು ಕೊಡ್ರಿ" ಎಂದಳು. ಲೈಟು ಎಲ್ಲಿಡಬೇಕು, ಲೆನ್ಸು ಹೇಗೆ ಒರೆಸಬೇಕು ಎಂಬುದನ್ನೆಲ್ಲ ಅವಳು ಮೊಬೈಲಿನಲ್ಲಿ ನೋಡಿ ಕಲಿತಿದ್ದಾಳೆ. ಮೊಬೈಲಿನಲ್ಲಿ ಸಿಗದೇ ಇರುವುದನ್ನು ಬರೆಯುತ್ತೇನೆ.

ಸ್ಟುಡಿಯೋ ಖಾದರ್ ಸಾಹೇಬರದು. ಫೋಟೋದಲ್ಲಿ ಅವರ ಕೈಗುಣ ದೊಡ್ಡದು, ಎಂಥ ಸಿಡುಕು ಮೋರೆಯವರೂ ಅವರ ಮುಂದೆ ನಗುತ್ತಿದ್ದರು. ಆದರೆ ಯಂತ್ರಗಳಿಗೆ ಅವರ ಹತ್ತಿರ ಇದ್ದ ಔಷಧ ಒಂದೇ: "ಬಂದ್ ಮಾಡಿ ಚಾಲೂ ಮಾಡು." ಪ್ರಿಂಟರು ಕಾಗದ ನುಂಗಿದರೂ ಅದೇ, ಕಂಪ್ಯೂಟರು ನಿಂತುಹೋದರೂ ಅದೇ, ಒಮ್ಮೆ ಊರಿಗೆಲ್ಲ ಕರೆಂಟು ಹೋದಾಗಲೂ ಅದೇ ಹೇಳಿದರು. ನನಗೆ ಸಿಟ್ಟು ಬರುತ್ತಿದ್ದದ್ದು ಯಾಕೆಂದರೆ, ಸುಮಾರು ಸಲ ಆ ಔಷಧ ನಾಟುತ್ತಿತ್ತು.

ಕಂಪ್ಯೂಟರು ಬಂದ ಮೊದಲ ವಾರ ನಾನು ಮಾಡಿದ ಘನಕಾರ್ಯ ಹೇಳಿಬಿಡುತ್ತೇನೆ. ಕ್ಯಾಮರಾದ ಪಕ್ಕದ ಸಣ್ಣ ತೂತಿಗೆ ಫೈರ್‌ವೈರ್ ಎನ್ನುವ ವೈರಿನ ಒಂದು ತುದಿ, ಕಂಪ್ಯೂಟರಿನ ಬೆನ್ನಿಗೆ ಇನ್ನೊಂದು ತುದಿ ಸಿಕ್ಕಿಸಬೇಕು. ಕ್ಯಾಮರಾದ ಗುಂಡಿಯನ್ನು ಕ್ಯಾಸೆಟ್ಟು ಓಡಿಸುವ ಕಡೆಗೆ ತಿರುಗಿಸಬೇಕು. ನಾನು ಅದನ್ನು ಚಿತ್ರ ತೆಗೆಯುವ ಕಡೆಗೇ ಬಿಟ್ಟಿದ್ದೆ. ಪರದೆಯಲ್ಲಿ ಏನೋ ಬಣ್ಣ ಕಂಡದ್ದೇ ತಡ, ಗೆದ್ದೆ ಎಂದುಕೊಂಡು ಊಟಕ್ಕೆ ಹೋದೆ. ತಿರುಗಿ ಬಂದರೆ ಖಾದರ್ ಸಾಹೇಬರು ಪರದೆಯ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾರೆ.

"ಶರಣಪ್ಪ, ಶಾದಿ ಕಾಂ ಹೈ? ಲಗ್ನ ಎಲ್ಲದ? ನನಗ ಬರೀ ಹಲ್ಲಿ ಕಾಣಕತ್ಯಾದ."

ಮುಕ್ಕಾಲು ತಾಸು ನಮ್ಮದೇ ಅಂಗಡಿಯ ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರು, ಕ್ಯಾಲೆಂಡರಿನ ಮೇಲೆ ಓಡಾಡಿದ ಹಲ್ಲಿ ಅಚ್ಚುಕಟ್ಟಾಗಿ ಇಳಿದಿದ್ದವು. ಹಲ್ಲಿಗೆ ಹುಳ ಸಿಕ್ಕ ಜಾಗದಲ್ಲಿ ಸಾಹೇಬರು ಚಪ್ಪಾಳೆ ಬೇರೆ ತಟ್ಟಿದರಂತೆ.

ಇನ್ನು ತಾಂಡೂರು. ಅಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯವರೊಬ್ಬರ ಮನೆಯ ಮದುವೆ. ಕಾರ್ಖಾನೆಯ ಅಂಗಳದಲ್ಲೇ ಹಂದರ ಹಾಕಿದ್ದರು. ಕಲ್ಲಿನ ಪುಡಿ ಕ್ಯಾಮರಾದ ಹೊಟ್ಟೆ ಸೇರಿ, ಮದುಮಗನ ಮುಖ ಫರಸಿ ಕಲ್ಲು ಹಾಸಿದ ಅಂಗಳದ ಹಾಗೆ ಚೌಕ ಚೌಕವಾಗಿ ಬಂತು. ಒಳಗೆ ರೀಲು ತಾಗುವ ಹೆಡ್ ಒರೆಸಿದ ಮೇಲೆ ಚಿತ್ರವೇನೋ ಸರಿಯಾಯಿತು. ಆದರೆ ಅಂದಿನಿಂದ ಆ ಕ್ಯಾಮರಾಕ್ಕೆ ಒಂದು ಚಟ ಅಂಟಿತು. ಕ್ಯಾಸೆಟ್ಟನ್ನು ಮುಂದಕ್ಕೆ ಜೋರಾಗಿ ಓಡಿಸಿದರೆ ರೀಲು ಕಚ್ಚುತ್ತಿತ್ತು. ಮೊದಲಿನಿಂದ ಕೊನೆಯವರೆಗೆ ಸಾವಕಾಶವಾಗಿ ಓಡಿಸಿದರೆ ಮಾತ್ರ ಮರ್ಯಾದೆಯಿಂದ ಇರುತ್ತಿತ್ತು.

ಅದೇ ಕ್ಯಾಮರಾದಿಂದ ನಾಗಮ್ಮನ ಹಿರಿ ಮಗಳ ಮದುವೆ ತೆಗೆದದ್ದು.

ನಾಗಮ್ಮ ನಾಗಲಗಿದ್ದದ ಆಚೆಯ ಒಂದು ಹಳ್ಳಿಯವಳು, ಕುರಿ ಸಾಕುವ ಮನೆತನ. ಮದುವೆಯ ಸೀಡಿ ಕೊಟ್ಟು ಒಂದು ವರ್ಷವಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು.

"ನೀವೇ ಏನ್ರಿ, ನಮ್ಮ ಸುನೀತನ ಲಗ್ನದ ಸೀಡಿ ಮಾಡ್ದವ್ರು?"

"ಹೌದ್ರಿ ಯಕ್ಕಾ. ಚಂದ ಬಂದದಲ್ಲ?"

"ಭಾಳ ಚಂದ ಬಂದದ. ನಮ್ಮಣ್ಣ ನನ್ನ ಸಂಗಟ ಮಾತು ಬಿಟ್ಟು ವರ್ಷ ಆತು."

ಖಾದರ್ ಸಾಹೇಬರು ಅವಳಿಗೆ ಸ್ಟೂಲು ಕೊಟ್ಟು ಕೂರಿಸಿದರು. ವಿಷಯ ನಿಧಾನವಾಗಿ ಹೊರಬಂತು. ನಮ್ಮ ಕಡೆ ಮದುವೆಯಲ್ಲಿ ಆಯೇರಿ ಎಂದು ಮಾಡುತ್ತಾರೆ. ಬೀಗರಿಗೆ, ಬಂಧುಗಳಿಗೆ ಒಬ್ಬೊಬ್ಬರನ್ನೇ ಕರೆದು ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದು. ಅವರ ಮನೆತನದಲ್ಲಿ ಮೊದಲು ಬೀಗರು, ಕಟ್ಟಕಡೆಗೆ ಸೋದರಮಾವ. ಅವನಿಗೆ ರುಮಾಲು ಸುತ್ತಿ, ಹೆಗಲಿಗೆ ಕಂಬಳಿ ಹಾಕುತ್ತಾರೆ. ಕಡೆಯ ಮರ್ಯಾದೆಯೇ ದೊಡ್ಡ ಮರ್ಯಾದೆ. ಸುನೀತನ ಮದುವೆಯಲ್ಲಿ ನಾಗಮ್ಮನ ಅಣ್ಣ ಬೀರಪ್ಪನಿಗೆ ಅದೆಲ್ಲ ಸಾಂಗವಾಗಿ ನಡೆದಿತ್ತು. ನಡೆಯದೆ ಉಳಿದದ್ದು ಸೀಡಿಯಲ್ಲಿ ಮಾತ್ರ.

ಯಾಕೆಂದರೆ ಕತ್ತರಿ ನನ್ನ ಕೈಯಲ್ಲಿತ್ತು. ಎರಡು ಸೀಡಿ ತುಂಬಿದ್ದವು, ಮೂರನೆಯದು ಬೇಡವೆಂದು ಸಾಹೇಬರು ಹೇಳಿದ್ದರು. ಬಟ್ಟೆ ಕೊಡುವುದನ್ನು ಯಾರು ನೋಡುತ್ತಾರೆ ಎಂದು ನಾನು ಆಯೇರಿಯ ಕೊನೆಯ ಭಾಗವನ್ನು ಹಾರಿಸಿದ್ದೆ. ಹಾರಿಸಿದ ಜಾಗಕ್ಕೆ ಹಿಮದ ಗುಡ್ಡದ ಮುಂದೆ ಮದುಮಕ್ಕಳು ಹೃದಯದ ಆಕಾರದೊಳಗೆ ಗಿರಗಿರ ತಿರುಗುವ ಚಿತ್ರ ಹಾಕಿದ್ದೆ. ಆಗ ಅದೇ ನನ್ನ ಹೆಮ್ಮೆಯ ಕೆಲಸವಾಗಿತ್ತು.

"ಬರೋ ಗುರುವಾರ ನಮ್ಮ ಸಣ್ಣಾಕಿ ಮಾದೇವಿದು ಲಗ್ನ" ಎಂದಳು ನಾಗಮ್ಮ. "ಸೋದರಮಾವ ಕೈ ಹಿಡದು ಹಂದರಕ ಕರ್ಕೊಂಡು ಬರಬೇಕು. ಅಂವ ಬರಂಗಿಲ್ಲ ಅಂತಾನ. ನಾನೇ ಹೇಳಿ ತೆಗಿಸೀನಿ ಅಂತ ತಲ್ಯಾಗ ಕುಂತದ ಅವಗ. ನಮ್ಮವ್ವ ಸತ್ತ ಮ್ಯಾಲ ನನ್ನ ಜ್ವಾಪಾನ ಮಾಡ್ದಾಂವ ಅವನೇರಿ. ಅವ ಬರಲಿಲ್ಲಂದ್ರ ನಾ ಹ್ಯಾಂಗ ಲಗ್ನ ಮಾಡ್ಲಿ?"

ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅಷ್ಟು ವರ್ಷ ಕತ್ತರಿಸಿದ್ದು ಬರೀ ಚಿತ್ರ ಎಂದುಕೊಂಡಿದ್ದೆ.

ಅಂದೇ ಬಸ್ಸು ಹತ್ತಿ ಅವಳ ತವರು ಹಳ್ಳಿಗೆ ಹೋದೆ. ಬೀರಪ್ಪ ಹೊಲದಲ್ಲಿ ಕುರಿ ಹಟ್ಟಿಯ ಮುಂದೆ ಕೂತು ಒಂದು ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ಎತ್ತರದ ಆಳು, ದಪ್ಪ ಮೀಸೆ. ನಾನು ಯಾರೆಂದು ಹೇಳಿದ ಮೇಲೂ ಕುರಿಯ ಕಾಲು ಬಿಡಲಿಲ್ಲ.

"ಮಾವ, ನಿಮಗ ರುಮಾಲು ಸುತ್ಯಾರೋ ಇಲ್ಲೋ?" ಎಂದು ಕೇಳಿದೆ.

"ಸುತ್ಯಾರ. ನನ್ನ ತಲಿ ನನಗ ಗೊತ್ತಿಲ್ಲೇನು?"

"ಮತ್ತ ಸಿಟ್ಟ್ಯಾಕ?"

"ಸೀಡ್ಯಾಗ ಇಲ್ಲಲ್ಲ! ಬೀಗರ ಪೈಕಿ ಎಲ್ಲಾರಿಗೂ ಟಾವೆಲ್ ಹಾಕಿದ್ದು ಅದ, ಅಡಗಿ ಮಾಡಾಂವ ಬೀಡಿ ಸೇದಿದ್ದು ಅದ, ನಾಯಿ ಎಲಿ ನೆಕ್ಕಿದ್ದು ಅದ. ನಾ ಇಲ್ಲ. ಊರ ಮಂದಿ ಎಲ್ಲಾ ಕುಂತು ನೋಡ್ಯಾರ. 'ಬೀರಪ್ಪ, ನಿನಗ ಊಟಕ್ಕಾದ್ರೂ ಕರದಿದ್ರೇನೋ' ಅಂತ ಕೇಳ್ತಾರ."

"ನಿಮ್ಮ ತಂಗಿ ಹೇಳಿಲ್ರಿ ಮಾವ. ತಗದಾಂವ ನಾ. ಜಾಗ ಇರಲಿಲ್ಲ."

ಅವನು ಮೊದಲ ಬಾರಿ ತಲೆಯೆತ್ತಿ ನನ್ನನ್ನು ನೋಡಿದ. "ನಾಯಿಗಿ ಜಾಗ ಅದ, ಸೋದರಮಾವಗ ಜಾಗ ಇಲ್ಲ."

ಮೂಲ ಕ್ಯಾಸೆಟ್ಟಿನಲ್ಲಿ ಎಲ್ಲವೂ ಇದೆ, ಹೊಸ ಸೀಡಿ ಮಾಡಿಕೊಡುತ್ತೇನೆ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ.

"ಮಂಗಳವಾರ ಬರ್ತೀನಿ. ನನ್ನ ಕಣ್ಣಮುಂದ ಇಳಸ್ರಿ. ಇದ್ರ ಸರಿ. ಇಲ್ಲಂದ್ರ ಮಾದೇವಿನ್ನ ನೀವೇ ಕೈ ಹಿಡದು ಹಂದರಕ ಕರ್ಕೊಂಡು ಬರ್ರಿ."

ಧೈರ್ಯವಾಗಿ ಮಾತು ಕೊಟ್ಟು ಬಂದೆನೇ ಹೊರತು, ಆ ಕ್ಯಾಸೆಟ್ಟು ಉಳಿದಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ನಾವು ಹಳೆಯದನ್ನು ಅಳಿಸಿ ಒಂದೇ ಕ್ಯಾಸೆಟ್ಟಿನ ಮೇಲೆ ಎರಡು ಮೂರು ಮದುವೆ ತೆಗೆಯುತ್ತಿದ್ದೆವು. ಭಾನುವಾರ ಇಡೀ ಅಂಗಡಿ ಕಿತ್ತು ಹಾಕಿದೆ. ಕಡೆಗೆ ಸಿಕ್ಕಿದ್ದು ಖಾದರ್ ಸಾಹೇಬರ ಮೇಜಿನ ಕುಂಟ ಕಾಲಿನ ಕೆಳಗೆ. ಅಲುಗಾಡುವ ಮೇಜಿಗೆ ಆಸರೆಯಾಗಿ ಅವರೇ ಇಟ್ಟಿದ್ದರು. ಡಬ್ಬಿಯ ಮೇಲೆ ನನ್ನ ಕೈಬರಹದಲ್ಲಿ "ಸುನೀತಾ, ಆಯೇರಿ" ಎಂದಿತ್ತು. ಸಾಹೇಬರು ಬೀಗುತ್ತ, "ನೋಡಿದಿ? ನಾ ಇಟ್ಟಿದ್ದಕ್ಕ ಉಳದದ" ಎಂದರು.

ಕ್ಯಾಸೆಟ್ಟು ಹಾಕಿದೆ, ವೈರು ಸಿಕ್ಕಿಸಿದೆ. ಕ್ಯಾಮರಾ ಜೋಡಣೆಯಾಗಿಲ್ಲ ಎಂದು ಕಂಪ್ಯೂಟರು ಹೇಳಿತು.

ಗುಂಡಿ ನೋಡಿದೆ, ಸರಿಯಾದ ಕಡೆಗೇ ಇತ್ತು. ಹಲ್ಲಿಯ ಪಾಠ ನಾನು ಮರೆತಿರಲಿಲ್ಲ. ಬ್ಯಾಟರಿ ತೆಗೆದು ಕರೆಂಟಿನ ಮೇಲೆ ಓಡಿಸಿದೆ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಕಾರ್ಡು ಕಿತ್ತು, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದೆ. ಸಾಫ್ಟ್‌ವೇರು ತೆಗೆದು ಮತ್ತೆ ಹಾಕಿದೆ. ಖಾದರ್ ಸಾಹೇಬರು ನಾಲ್ಕು ಸಲ ಬಂದ್ ಮಾಡಿಸಿ ಚಾಲೂ ಮಾಡಿಸಿದರು. ಐದನೆಯ ಸಲ ಅವರ ಔಷಧದ ಮೇಲೆ ಅವರಿಗೇ ನಂಬಿಕೆ ಹೋಗಿ, ಟೋಪಿ ತೆಗೆದು ತಲೆ ಸವರಿಕೊಂಡರು.

ಸೋಮವಾರ ಕ್ಯಾಮರಾವನ್ನೂ ಕ್ಯಾಸೆಟ್ಟನ್ನೂ ಮಡಿಲಲ್ಲಿಟ್ಟುಕೊಂಡು ಜಹೀರಾಬಾದಿಗೆ ಹೋದೆ. ಅಲ್ಲಿನ ಸ್ಟುಡಿಯೋದ ಗೆಳೆಯನ ವೈರು ಹಾಕಿದರೂ ಅದೇ ಹಾಡು, ಅವನ ಕಂಪ್ಯೂಟರಿಗೂ ನಮ್ಮ ಕ್ಯಾಮರಾ ಕಾಣಲಿಲ್ಲ. ಕ್ಯಾಸೆಟ್ಟನ್ನು ಅವನ ಕ್ಯಾಮರಾಕ್ಕೆ ಹಾಕಿದರೆ ಬರೀ ಚೂರು ಚೂರು ಬಣ್ಣ, ದನಿ ಇಲ್ಲ. ಇದೂ ನನ್ನದೇ ಪ್ರಸಾದ. ಒಂದು ತಾಸಿನ ಕ್ಯಾಸೆಟ್ಟಿನಲ್ಲಿ ಒಂದೂವರೆ ತಾಸು ಹಿಡಿಸಬೇಕೆಂದು ರೀಲನ್ನು ನಿಧಾನ ಓಡಿಸುವ ಪದ್ಧತಿಯಲ್ಲಿ ತೆಗೆದಿದ್ದೆ. ಹಾಗೆ ತೆಗೆದ ಕ್ಯಾಸೆಟ್ಟು ಹೆತ್ತ ಕ್ಯಾಮರಾವನ್ನು ಬಿಟ್ಟು ಬೇರೆಯದರ ಹತ್ತಿರ ಬಾಯಿ ಬಿಡುವುದಿಲ್ಲ. ಹೈದರಾಬಾದಿಗೆ ರಿಪೇರಿಗೆ ಕೊಟ್ಟರೆ ಹದಿನೈದು ದಿನ ಎಂದ ಗೆಳೆಯ. ನನ್ನ ಹತ್ತಿರ ಇದ್ದದ್ದು ಒಂದೇ ದಿನ.

ಮಂಗಳವಾರ ಬೆಳಿಗ್ಗೆ ನಾಗಮ್ಮ ಅಣ್ಣನಿಗಿಂತ ಮೊದಲೇ ಬಂದಳು. ಕ್ಯಾಮರಾದ ಪಕ್ಕ ಬಿಚ್ಚಿಕೊಳ್ಳುವ ಸಣ್ಣ ಪರದೆ ಕಂಡು, "ಈ ಸಣ್ಣ ಟೀವ್ಯಾಗ ತೋರಿಸಿದ್ರ ಆಗಂಗಿಲ್ಲೇನ್ರಿ?" ಎಂದಳು. ಅಣ್ಣನಿಗೆ ತಾನು ನೋಡುವುದು ಬೇಕಿಲ್ಲ, ಊರು ನೋಡುವುದು ಬೇಕು ಎಂದೆ. ಅವಳು ಹೌದೆಂದು ತಲೆಯಾಡಿಸಿ, ಕ್ಯಾಮರಾವನ್ನು ತಿರುಗಿಸಿ ತಿರುಗಿಸಿ ನೋಡಿ ಬಾಯಿಗೆ ಕೈ ಹಚ್ಚಿಕೊಂಡಳು.

"ಅಯ್ಯ ಯಪ್ಪಾ! ಇದಕ್ಯಾಕ ಇಷ್ಟ್ ಕುಂಕುಮ ಬಡದೀರಿ? ನಮ್ಮ ಮನಿದೇವರಿಗೂ ಇಷ್ಟು ಹಚ್ಚಂಗಿಲ್ಲ."

ನಾನು ಭೂತಗನ್ನಡಿ ತರಲು ಓಡಿದೆ. ಪ್ರತಿ ವರ್ಷ ದಸರೆಯಲ್ಲಿ ಕ್ಯಾಮರಾಕ್ಕೆ ಆಯುಧ ಪೂಜೆ ಮಾಡುವವನು ನಾನೇ. ಲೆನ್ಸಿಗೆ ಹಚ್ಚುವಂತಿಲ್ಲ, ಪರದೆಗೆ ಹಚ್ಚುವಂತಿಲ್ಲ. ಪಕ್ಕದಲ್ಲಿ, ವೈರಿನ ತೂತಿನ ಮುಚ್ಚಳದ ಮೇಲೆ, ಕುಂಕುಮ ನಿಲ್ಲುವ ಹಾಗೆ ಒಂದು ಸಣ್ಣ ತಗ್ಗು ಇತ್ತು. ಆ ವರ್ಷ ಆ ಮುಚ್ಚಳ ಕಿತ್ತುಹೋಗಿದ್ದನ್ನೂ ಗಮನಿಸದೆ, ಭಕ್ತಿಯಿಂದ ಒಂದು ಚಿಟಿಕೆ ಹೆಚ್ಚೇ ಒತ್ತಿದ್ದೆ, ಮೇಲೆ ತೆಂಗಿನಕಾಯಿ ನೀರು ಚಿಮುಕಿಸಿದ್ದೆ. ಹಬ್ಬವಾದ ಮೇಲೆ ಕ್ಯಾಮರಾಕ್ಕೆ ವೈರು ಸಿಕ್ಕಿಸಿದ್ದು ಇದೇ ಮೊದಲು. ಭೂತಗನ್ನಡಿ ಹಿಡಿದು ನೋಡಿದರೆ, ಫೈರ್‌ವೈರಿನ ತೂತಿನ ತಳದಲ್ಲಿ ಕುಂಕುಮ ಗಾರೆಯಂತೆ ಗಟ್ಟಿಯಾಗಿ ಕೂತಿದೆ. ಮೂರು ದಿನ ನಾನು ಲೋಕದ ದೋಷವನ್ನೆಲ್ಲ ಹುಡುಕಿದ್ದೆ.

ಖಾದರ್ ಸಾಹೇಬರು ನಗಲಿಲ್ಲ. "ಕಾಯಿ ತಂದಾಂವ ನಾ. ಅರ್ಧಾ ತಪ್ಪು ನಂದು" ಎಂದು ಹೇಳಿ, ಆಮೇಲೆ ಹೊರಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕು ಬಂದರು.

ಹಳೆಯ ಹಲ್ಲುಜ್ಜುವ ಬ್ರಷ್ಷಿನ ನಾಲ್ಕು ಕೂದಲು, ಒಂದಿಷ್ಟು ಸ್ಪಿರಿಟ್ಟು, ಒಂದು ತಾಸಿನ ತಪಸ್ಸು. ಕೆರೆದು ಕೆರೆದು ತೂತು ಸ್ವಚ್ಛವಾಯಿತು. ಎಲ್ಲ ಬಂದ್ ಮಾಡಿ, ಒಣಗಿಸಿ, ವೈರು ಸಿಕ್ಕಿಸಿ ಚಾಲೂ ಮಾಡಿದೆ. ಕಂಪ್ಯೂಟರು ಟಿಂಗ್ ಎಂದಿತು! ಕೈ ಬಿಟ್ಟೆ. ಟುಂಗ್ ಎಂದು ಹೋಯಿತು. ಕೆರೆಯುವಾಗ ತೂತು ಸಡಿಲವಾಗಿತ್ತು. ವೈರನ್ನು ಮೇಲ್ಮುಖವಾಗಿ ಒತ್ತಿ ಹಿಡಿದಿದ್ದರೆ ಮಾತ್ರ ಕ್ಯಾಮರಾ ಕಾಣುತ್ತಿತ್ತು. ದಾರ ಕಟ್ಟಿದೆ, ಪಟ್ಟಿ ಹಚ್ಚಿದೆ, ಕಾಗದ ಮಡಚಿ ತುರುಕಿದೆ. ಮನುಷ್ಯನ ಬೆರಳೇ ಬೇಕೆಂದು ಅದು ಹಟ ಹಿಡಿಯಿತು.

ಅಷ್ಟರಲ್ಲಿ ಬೀರಪ್ಪ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ತಂಗಿಯನ್ನು ಕಂಡೂ ಕಾಣದವನಂತೆ, "ಎಲ್ಲದ ನನ್ನ ರುಮಾಲು?" ಎಂದು ನನ್ನನ್ನು ಕೇಳಿದ.

ಪರಿಸ್ಥಿತಿ ವಿವರಿಸಿದೆ. ನನಗೆ ಮೌಸು ಹಿಡಿಯಬೇಕು. ಕ್ಯಾಮರಾ ಅಲುಗಾಡದಂತೆ ಒಬ್ಬರು ಮಡಿಲಲ್ಲಿಟ್ಟುಕೊಂಡು ಕೂರಬೇಕು, ಇನ್ನೊಬ್ಬರು ವೈರು ಒತ್ತಿ ಹಿಡಿಯಬೇಕು. ಮುಂದಕ್ಕೆ ಓಡಿಸಿದರೆ ರೀಲು ಕಚ್ಚುತ್ತದೆ, ಆದ್ದರಿಂದ ಒಂದೂವರೆ ತಾಸು ಕದಲುವಂತಿಲ್ಲ. ಸಾಹೇಬರಿಗೆ ಪಾಸ್‌ಪೋರ್ಟ್ ಫೋಟೋದ ಗಿರಾಕಿಗಳು ಬರುತ್ತಲೇ ಇದ್ದರು. ನಾಗಮ್ಮ ಕ್ಯಾಮರಾವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಗೆ ಕೂತಳು. ಬೀರಪ್ಪ ಸ್ವಲ್ಪ ಹೊತ್ತು ಮೀಸೆ ತಿರುವಿದ. ಆಮೇಲೆ ಕೋಲನ್ನು ಗೋಡೆಗೆ ಆನಿಸಿ, ಮುಖವನ್ನು ಅತ್ತ ಮಾಡಿ ಕೂತು, ಕೈಯನ್ನು ಇತ್ತ ಚಾಚಿ ವೈರು ಹಿಡಿದ.

ಟಿಂಗ್. ಕ್ಯಾಸೆಟ್ಟು ಓಡತೊಡಗಿತು.

"ಕ್ಯಾಮರಾ ಕೆಳಗ ಮಾಡ್ಬ್ಯಾಡ ಅಂತ ಹೇಳ್ರಿ ಅವ್ರಿಗಿ" ಎಂದ ಬೀರಪ್ಪ ನನಗೆ.

"ವೈರ್ ಜಗ್ಗಬ್ಯಾಡ ಅಂತ ಅವ್ರಿಗೂ ಹೇಳ್ರಿ" ಎಂದಳು ನಾಗಮ್ಮ ನನಗೆ.

ಇಬ್ಬರ ನಡುವೆ ಗೇಣು ಜಾಗವಿತ್ತು. ನಾನು ಮೂರು ಮಾರು ದೂರದಲ್ಲಿದ್ದು ಇಬ್ಬರಿಗೂ ಮಾತು ಮುಟ್ಟಿಸಿದೆ. ಪರದೆಯಲ್ಲಿ ಬೀಗರು ಒಬ್ಬೊಬ್ಬರೇ ಬಂದು ಟಾವೆಲ್ಲು ಹಾಕಿಸಿಕೊಂಡು ಹೋಗುತ್ತಿದ್ದರು. ಚಹಾ ಬಂತು. ಇಬ್ಬರಿಗೂ ಕೈ ಖಾಲಿ ಇಲ್ಲ. ಖಾದರ್ ಸಾಹೇಬರು ಗಿರಾಕಿಗಳನ್ನು ನಿಲ್ಲಿಸಿ ಬಂದು, ಬೀರಪ್ಪನ ಮೀಸೆಗೆ ತಾಗದಂತೆ ಬಶಿಗೆ ಸುರಿದು ಆರಿಸಿ ಚಹಾ ಕುಡಿಸಿದರು. ಬೀರಪ್ಪ ಮದುಮಗನ ಹಾಗೆ ನಾಚಿಕೊಂಡು ಕುಡಿದ. ನಾಗಮ್ಮ ತುಟಿ ಕಚ್ಚಿ ನಗು ತಡೆದದ್ದಕ್ಕೆ ಕ್ಯಾಮರಾ ಅಲುಗಿ, ಬೀಗರೊಬ್ಬರ ಮುಖ ಒಂದು ಕ್ಷಣ ಚೂರಾಯಿತು.

ಒಂದು ತಾಸು ದಾಟಿದರೂ ಬೀರಪ್ಪನ ಸುಳಿವಿಲ್ಲ. ಒಂದು ವೇಳೆ ಮದುವೆಯ ದಿನ ರುಮಾಲು ಸುತ್ತುವ ಹೊತ್ತಿಗೆ ನಾನು ಕ್ಯಾಮರಾ ನಿಲ್ಲಿಸಿ ಊಟಕ್ಕೆ ಹೋಗಿದ್ದರೆ? ಅಂಥ ಬುದ್ಧಿ ನನಗಿತ್ತು. ಕ್ಯಾಸೆಟ್ಟು ಮುಗಿಯಲು ಹತ್ತು ನಿಮಿಷವಿದೆ ಎನ್ನುವಾಗ ಪರದೆಯ ಅಂಚಿನಿಂದ ಬೀರಪ್ಪ ಬಂದ.

ನಾಗಮ್ಮನ ಗಂಡ ರುಮಾಲು ಸುತ್ತಿದ, ನಾಗಮ್ಮ ಕಂಬಳಿ ಹೊದಿಸಿ ಕಾಲಿಗೆ ಬಿದ್ದಳು. ಬ್ಯಾಂಡಿನವರು ಕಿವಿ ಒಡೆಯುವಂತೆ ಬಾರಿಸುತ್ತಿದ್ದರು. ಆದರೆ ನಾನು ಕ್ಯಾಮರಾ ಹಿಡಿದು ತೀರ ಹತ್ತಿರ ನಿಂತಿದ್ದೆನಾದ್ದರಿಂದ, ಬ್ಯಾಂಡಿನ ಅಡಿಯಿಂದ ಬೀರಪ್ಪನ ದನಿ ಕೇಳಿಸಿತು. ತಂಗಿಯ ತಲೆ ಮುಟ್ಟಿ ಅವನು ಹೇಳಿದ್ದು ಇಷ್ಟೇ: "ನಾಗೀ, ಅವ್ವ ಇರಬೇಕಾಗಿತ್ತು." ಹೇಳಿ, ಹೊಸ ರುಮಾಲಿನ ತುದಿಯಿಂದ ಕಣ್ಣು ಒತ್ತಿಕೊಂಡ.

ಬ್ಯಾಂಡಿನ ಗದ್ದಲದಲ್ಲಿ ನಾಗಮ್ಮ ಅಂದು ಆ ಮಾತು ಕೇಳಿಸಿಕೊಂಡಿರಲೇ ಇಲ್ಲ. ಈಗ ಕೇಳಿದಳು. ಸೀಡಿ ಮಾಡುವಾಗ ನಾನು ಕೇಳಿಸಿಕೊಂಡಿದ್ದೆನೋ ಏನೋ, ನೆನಪಿಲ್ಲ. ಕೇಳಿಸಿಕೊಂಡೂ ಹಿಮದ ಗುಡ್ಡ ಹಾಕಿದ್ದರೆ ಅದಕ್ಕಿಂತ ದೊಡ್ಡ ತಪ್ಪು ನನ್ನ ಬಾಳಿನಲ್ಲಿ ಇಲ್ಲ.

ಪರದೆ ಕಪ್ಪಾಯಿತು. ಟುಂಗ್.

ತಿರುಗಿ ನೋಡಿದರೆ, ಬೆಂಚಿನ ಮೇಲಿನ ಬೀರಪ್ಪ ವೈರು ಬಿಟ್ಟು ಕಂಬಳಿಯ ತುದಿಯಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಾನೆ.

"ಅಣ್ಣಾ! ವೈರ್ ಯಾಕ ಬಿಟ್ಟಿ? ಹಿಡಿ, ಹಿಡಿ!" ಎಂದು ನಾಗಮ್ಮ ಕೂಗಿದಳು. ಆ ಕೂಗಿಗೆ ಹೊರಗಿನ ಗಿರಾಕಿಗಳು ಒಳಗೆ ಇಣುಕಿದರು.

"ಹಿಡದೀನಿ ತಗೋ ನಾಗೀ, ಒದರಬ್ಯಾಡ" ಎಂದ ಬೀರಪ್ಪ. ವೈರು ಒತ್ತಿದ.

ಟಿಂಗ್. ಪರದೆಯಲ್ಲಿ ಬೀರಪ್ಪ ರುಮಾಲು ಸರಿಪಡಿಸಿಕೊಂಡು, ಮೀಸೆ ತಿರುವಿ, ಎದೆಯೆತ್ತಿ ಕ್ಯಾಮರಾದ ಕಡೆ ನೋಡುತ್ತ ನಿಂತಿದ್ದ. ಒಂದು ವರ್ಷದ ಮೇಲೆ ತಾವು ಮಾತಾಡಿದ್ದು ಅಣ್ಣ ತಂಗಿ ಇಬ್ಬರ ಗಮನಕ್ಕೂ ಬಂದಿರಲಿಲ್ಲ. ಗಮನಕ್ಕೆ ಬಂದಾಗ ಮತ್ತೆ ಸುಮ್ಮನಾಗಲು ಹೊತ್ತು ಮೀರಿತ್ತು.

ಕ್ಯಾಸೆಟ್ಟು ಮುಗಿದ ಮೇಲೆ ಬೀರಪ್ಪ ನನ್ನ ಕಿವಿಯ ಹತ್ತಿರ ಬಂದು, "ಆ ಅಳೋದಷ್ಟು ತಗದ್ ಬಿಡ್ರಿ. ಊರ ಮಂದಿ ನೋಡ್ತಾರ" ಎಂದ.

"ಒಂದು ಚೂರೂ ತೆಗಿಬ್ಯಾಡ್ರಿ" ಎಂದಳು ನಾಗಮ್ಮ. ನಾನು ಅವಳ ಮಾತು ಕೇಳಿದೆ, ನಡುವಿನ ಕಪ್ಪನ್ನೂ ಹಾಗೇ ಬಿಟ್ಟೆ.

ಗುರುವಾರ ಮಾದೇವಿಯ ಕೈ ಹಿಡಿದು ಬೀರಪ್ಪ ಹಂದರಕ್ಕೆ ಬಂದ. ಹಿಂದಿನ ದಿನವೇ ಹೊಸ ಸೀಡಿ ಅವನ ಊರಿನಲ್ಲಿ ಎರಡು ಸಲ ಓಡಿತ್ತಂತೆ. ಅವನು ಕಣ್ಣೊತ್ತಿಕೊಳ್ಳುವಲ್ಲಿ ಚಿತ್ರ ಕಡಿದು, ಒಂದಿಷ್ಟು ಹೊತ್ತು ಬರೀ ಕಪ್ಪು ಬರುತ್ತದೆ. ಇದ್ಯಾಕೆ ಹೀಗೆ ಎಂದು ಸೀಡಿ ನೋಡಿದವರು ಹಂದರದಲ್ಲಿ ನನ್ನನ್ನು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಪಕ್ಕದಲ್ಲಿದ್ದ ಬೀರಪ್ಪ, "ಅಲ್ಲಿ ನಾ ವೈರ್ ಬಿಟ್ಟಿದ್ದೆ" ಎಂದ.